ಎಂಜಿನ್ನಿನ ಆರ್‌ಪಿಎಂ ಮಿತಿ ಏರಿಸುವ ಕೆಲಸ: ಯಾವುದು ಮೊದಲು, ಯಾವುದು ಕೊನೆಗೆ

ಮಳೆಗಾಲ ಮುಗಿದು ಮೈದಾನಗಳು ಒಣಗತೊಡಗಿದರೆ ಮಂಗಳೂರು, ಉಡುಪಿ ಕಡೆಯ ಗ್ಯಾರೇಜುಗಳಲ್ಲಿ ಆಟೋಕ್ರಾಸ್‌ಗೆಂದು (ಮೈದಾನದಲ್ಲಿ ಗಡಿಯಾರದ ಎದುರು ನಡೆಯುವ ಕಾರು ಓಟ) ಹಳೆಯ ಮಾರುತಿ ಜಿಪ್ಸಿ, ಎಸ್ಟೀಮ್‌ಗಳ ಬಾನೆಟ್ ತೆರೆದುಕೊಳ್ಳುತ್ತದೆ. "ಅಣ್ಣ, ಲಿಮಿಟರ್ ಎಷ್ಟಕ್ಕೆ ಇಡಬಹುದು?" ಎಂಬುದು ಹುಡುಗರು ಕೇಳುವ ಮೊದಲ ಪ್ರಶ್ನೆ. ಅದು ಕೊನೆಯ ಪ್ರಶ್ನೆಯಾಗಬೇಕು. ಲಿಮಿಟರ್ ಎನ್ನುವುದು ಎಂಜಿನ್ ನಿಮಿಷಕ್ಕೆ ಇಷ್ಟು ಸುತ್ತು (ಆರ್‌ಪಿಎಂ) ಮೀರದಂತೆ ತಡೆಯುವ, ಇಸಿಯು ಎಂಬ ಎಂಜಿನ್ ನಿಯಂತ್ರಕ ಕಂಪ್ಯೂಟರಿನೊಳಗಿನ ಒಂದು ಅಂಕಿ ಮಾತ್ರ. ಲ್ಯಾಪ್‌ಟಾಪ್ ಜೋಡಿಸಿ ಎರಡು ನಿಮಿಷದಲ್ಲಿ ಅದನ್ನು 6500ರಿಂದ 7500ಕ್ಕೆ ಏರಿಸಬಹುದು. ಆದರೆ ಆ ಹೆಚ್ಚಿನ ಸಾವಿರ ಸುತ್ತುಗಳ ಭಾರವನ್ನು ಹೊರಬೇಕಾದವು ವಾಲ್ವ್ ಸ್ಪ್ರಿಂಗುಗಳು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೋಲ್ಟುಗಳು, ಬೇರಿಂಗಿಗೂ ಕ್ರ್ಯಾಂಕಿಗೂ ನಡುವೆ ಇರುವ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರ. ಇವುಗಳಲ್ಲಿ ಮೊದಲು ಸೋಲುವುದು ಯಾವುದೋ ಅದೇ ಆ ಎಂಜಿನ್ನಿನ ನಿಜವಾದ ಮಿತಿ. ಹಾಗಾಗಿ ಸೋಲುವ ಭಾಗಗಳನ್ನು ಒಂದೊಂದಾಗಿ ಗುರುತಿಸಿ, ಬಲಪಡಿಸಿ, ಅಳೆದು ನೋಡಿ, ಕಟ್ಟಕಡೆಗೆ ಲಿಮಿಟರಿಗೆ ಕೈಹಾಕುವ ಕ್ರಮವನ್ನೇ ಇಲ್ಲಿ ವಿವರಿಸಿದ್ದೇನೆ.

ಕಾರು ಓಡುವುದೆಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಮು, ನಿಯಮಕ್ಕೆ ಹೊರತಾದ ಪ್ರತಿಯೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ವಿಮಾ ಕಂಪನಿಗೆ ತಿಳಿಸದೆ ಎಂಜಿನ್ ಬದಲಿಸಿದ್ದರೆ ಅಪಘಾತದ ಹೊತ್ತಿನಲ್ಲಿ ಪರಿಹಾರಕ್ಕೂ ತಕರಾರು ಏಳುತ್ತದೆ. ಆದ್ದರಿಂದ ಕೆಎ 19 ಅಥವಾ ಕೆಎ 20 ಫಲಕ ಹೊತ್ತು ದಿನನಿತ್ಯ ಪಂಪ್‌ವೆಲ್‌ನಿಂದ ಸುರತ್ಕಲ್‌ಗೆ ಓಡುವ ಮನೆಯ ಕಾರಿಗಾಗಿ ಈ ಲೇಖನವನ್ನು ಬರೆದಿಲ್ಲ. ಸ್ಪರ್ಧೆಗೆಂದೇ ಮೀಸಲಿಟ್ಟು, ಎಫ್‌ಎಂಎಸ್‌ಸಿಐ (ದೇಶದ ಮೋಟಾರು ಕ್ರೀಡೆಯ ಆಡಳಿತ ಸಂಸ್ಥೆ) ನಿಯಮಗಳಿಗೆ ಒಳಪಟ್ಟು, ಮುಚ್ಚಿದ ಮೈದಾನದಲ್ಲೋ ಟ್ರ್ಯಾಕಿನಲ್ಲೋ ಓಡುವ ಕಾರಿಗಾಗಿ ಬರೆದಿದ್ದೇನೆ. ನಮ್ಮ ಎರಡೂ ಜಿಲ್ಲೆಗಳಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಹೋಗಬೇಕು. ಚಾರ್ಮಾಡಿ, ಆಗುಂಬೆ ಘಾಟಿಗಳು ಪರೀಕ್ಷಾ ರಸ್ತೆಗಳಲ್ಲ. ನೀವು ಸ್ಪರ್ಧಿಸುವ ವರ್ಗದಲ್ಲಿ ಏನೇನು ಬದಲಿಸಲು ಅನುಮತಿಯಿದೆ ಎಂಬುದನ್ನು ಸ್ಪ್ಯಾನರ್ ಹಿಡಿಯುವ ಮೊದಲೇ ಓದಿಕೊಳ್ಳಿ.

ಕಾಗದದ ಮೇಲಿನ ಲೆಕ್ಕ

ಉದಾಹರಣೆಗೆ ಜಿಪ್ಸಿಯ 1298 ಸಿಸಿ, 16 ವಾಲ್ವಿನ ಎಂಪಿಎಫ್‌ಐ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಅದರ ಬೋರ್ (ಸಿಲಿಂಡರಿನ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಚಲಿಸುವ ದೂರ) 75.5 ಮಿ.ಮೀ. ಪಿಸ್ಟನ್ನಿನ ಸರಾಸರಿ ವೇಗವನ್ನು ಪಡೆಯಲು ಮೀಟರಿನಲ್ಲಿ ಬರೆದ ಸ್ಟ್ರೋಕನ್ನು ಎರಡರಿಂದ ಗುಣಿಸಿ, ಅದನ್ನು ಆರ್‌ಪಿಎಂನಿಂದ ಗುಣಿಸಿ, 60ರಿಂದ ಭಾಗಿಸಬೇಕು. 6500ರಲ್ಲಿ ಅದು ಸೆಕೆಂಡಿಗೆ 16.4 ಮೀಟರ್, 7500ರಲ್ಲಿ 18.9, 8000ದಲ್ಲಿ 20.1. ಸಾಮಾನ್ಯ ಎರಕದ ಪಿಸ್ಟನ್ನಿರುವ ರಸ್ತೆ ಕಾರಿನ ಎಂಜಿನ್ನಿಗೆ 20ರ ಆಸುಪಾಸು ಎಚ್ಚರಿಕೆಯ ಗೆರೆ; ಫೋರ್ಜ್ ಮಾಡಿದ ಪಿಸ್ಟನ್, ರಾಡ್ ಇದ್ದರೆ 25ರವರೆಗೂ ಹೋಗುವುದುಂಟು. ಹೋಂಡಾ ಎಸ್2000 ಕಾರಿನ ಎರಡು ಲೀಟರ್ ಎಂಜಿನ್ 84 ಮಿ.ಮೀ. ಸ್ಟ್ರೋಕಿನಲ್ಲಿ 9000 ಆರ್‌ಪಿಎಂ ತಿರುಗುತ್ತಿತ್ತು, ಅಂದರೆ ಸೆಕೆಂಡಿಗೆ 25.2 ಮೀಟರ್, ಅದನ್ನೇ 2.2 ಲೀಟರಿಗೆ ಹಿಗ್ಗಿಸಿ ಸ್ಟ್ರೋಕನ್ನು 90.7 ಮಿ.ಮೀ. ಮಾಡಿದಾಗ ಕಂಪನಿಯೇ ಕೆಂಪು ಗೆರೆಯನ್ನು 8000ಕ್ಕೆ ಇಳಿಸಿತು. ಸ್ಟ್ರೋಕ್ ಉದ್ದವಾದರೆ ಸುತ್ತು ಕಡಿಮೆಯಾಗಲೇಬೇಕು.

ಸರಾಸರಿ ವೇಗಕ್ಕಿಂತ ಕ್ರೂರವಾದದ್ದು ಪಿಸ್ಟನ್ ಮೇಲಿನ ತುದಿಯಲ್ಲಿ ನಿಂತು ಹಿಂದಿರುಗುವ ಕ್ಷಣದ ಎಳೆತ. ಅದು ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 6500ರಿಂದ 7500ಕ್ಕೆ ಹೋದರೆ ಸುತ್ತು ಏರಿದ್ದು ನೂರಕ್ಕೆ 15ರಷ್ಟು, ಎಳೆತ ಏರಿದ್ದು ನೂರಕ್ಕೆ 33ರಷ್ಟು. ರಿಂಗು, ಪಿನ್ನು ಸೇರಿ ಪಿಸ್ಟನ್ 350 ಗ್ರಾಂ ತೂಗುತ್ತದೆಂದು ಇಟ್ಟುಕೊಂಡರೆ, 7500ರಲ್ಲಿ ಅದು ರಾಡನ್ನು ಸುಮಾರು ಒಂದು ಟನ್ ಬಲದಿಂದ ಮೇಲಕ್ಕೆ ಎಳೆಯುತ್ತದೆ, ಅದೂ ಪ್ರತಿ 8 ಮಿಲಿಸೆಕೆಂಡಿಗೊಮ್ಮೆ. ಕಂಪ್ರೆಷನ್ ಸ್ಟ್ರೋಕಿನ ಕೊನೆಯಲ್ಲಾದರೆ ಮೇಲಿನ ಅನಿಲದ ಒತ್ತಡ ಈ ಎಳೆತವನ್ನು ಸ್ವಲ್ಪ ತಡೆಯುತ್ತದೆ. ಎಕ್ಸಾಸ್ಟ್ ಸ್ಟ್ರೋಕಿನ ಕೊನೆಯಲ್ಲಿ ತಡೆಯುವವರೇ ಇಲ್ಲ, ಇಡೀ ಎಳೆತ ರಾಡಿನ ಎರಡು ಬೋಲ್ಟುಗಳ ಮೇಲೆ ಬೀಳುತ್ತದೆ.

ಇನ್ನೊಂದು ಲೆಕ್ಕವೂ ಇದೆ. ಬಹಳಷ್ಟು ಉತ್ಸಾಹಿಗಳು ಇದನ್ನು ಮಾಡುವುದೇ ಇಲ್ಲ. ಜಿಪ್ಸಿಯ ಎಂಜಿನ್ 4500ರಲ್ಲಿ 103 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), 6000ದಲ್ಲಿ 80 ಅಶ್ವಶಕ್ತಿ ಕೊಡುತ್ತದೆಂದು ಕಂಪನಿಯ ವಿವರ ಹೇಳುತ್ತದೆ. ಹಿಂದಕ್ಕೆ ಲೆಕ್ಕಹಾಕಿದರೆ 6000ದಲ್ಲಿ ಟಾರ್ಕ್ ಸುಮಾರು 95ಕ್ಕೆ ಇಳಿದಿರುತ್ತದೆ. 7500ರಲ್ಲಿ ಅದೇ 80 ಅಶ್ವಶಕ್ತಿ ಬರಬೇಕಾದರೂ 76 ನ್ಯೂಟನ್ ಮೀಟರ್ ಉಳಿದಿರಬೇಕು. ಮೂಲ ಕ್ಯಾಮ್‌ಶಾಫ್ಟ್, ಮೂಲ ಮ್ಯಾನಿಫೋಲ್ಡ್ ಇಟ್ಟುಕೊಂಡು ಅಷ್ಟು ಉಳಿಯುವುದು ಕಷ್ಟ, ಏಕೆಂದರೆ ಆ ವೇಗದಲ್ಲಿ ಸಿಲಿಂಡರ್ ತುಂಬುವಷ್ಟು ಹೊತ್ತು ಇನ್‌ಟೇಕ್ ವಾಲ್ವ್ ತೆರೆದಿರುವುದಿಲ್ಲ. ಉಸಿರಾಟ ಸುಧಾರಿಸದೆ ಲಿಮಿಟರ್ ಏರಿಸಿದರೆ ಸದ್ದು ಏರುತ್ತದೆ, ಸವೆತ ಏರುತ್ತದೆ, ಕಾರು ಮಾತ್ರ ಇನ್ನೂ ನಿಧಾನವಾಗುತ್ತದೆ. ಮಣಿಪಾಲದಲ್ಲಿ ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟಿದ ವಿದ್ಯಾರ್ಥಿಗಳಿಗೆ ಈ ಮಾತನ್ನು ವಿವರಿಸಬೇಕಿಲ್ಲ. ಅವರ ಪೆಟ್ರೋಲ್ ಎಂಜಿನ್ನಿನ ಗಾಳಿಯೆಲ್ಲ 20 ಮಿ.ಮೀ.ನ ಒಂದೇ ತೂತಿನಲ್ಲಿ ಹಾದು ಬರಬೇಕೆಂಬ ನಿಯಮವಿದೆ, ಗಾಳಿ ನಿಂತಲ್ಲಿಗೆ ಶಕ್ತಿಯೂ ನಿಲ್ಲುತ್ತದೆ. ಅದೇ 74 ಮತ್ತು 75.5ರ ಅಳತೆಯಲ್ಲಿ ಸುಜುಕಿ ಹಿಂದೆ ಸ್ವಿಫ್ಟ್ ಜಿಟಿಐಗೆ ಎರಡು ಕ್ಯಾಮ್‌ಶಾಫ್ಟಿನ ಹೆಡ್ (ವಾಲ್ವುಗಳಿರುವ ಮೇಲ್ಭಾಗ) ಇಟ್ಟು ಸುಮಾರು 100 ಅಶ್ವಶಕ್ತಿ ತೆಗೆದಿತ್ತು. ವ್ಯತ್ಯಾಸದ ಬಹುಪಾಲು ಹೆಡ್ಡಿನಲ್ಲಿತ್ತು.

ಹಳೆಯ ಎಂಜಿನ್ನಿನ ಆರೋಗ್ಯ

ಗುರಿಯನ್ನು, ಉದಾಹರಣೆಗೆ 7200 ಎಂದು, ನಿಶ್ಚಯಿಸಿದ ಮೇಲೆ ಎಂಜಿನ್ ಬಿಚ್ಚುವ ಮೊದಲೇ ಅದನ್ನು ಬಿಸಿ ಮಾಡಿ ಕಂಪ್ರೆಷನ್ ಅಳೆಯಿರಿ. ನಾಲ್ಕು ಸಿಲಿಂಡರುಗಳ ನಡುವೆ ನೂರಕ್ಕೆ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಸೋರುತ್ತಿದೆ. ಬಿಸಿ ಎಂಜಿನ್ನಿನ ಎಣ್ಣೆಯ ಒತ್ತಡವನ್ನೂ ಮೀಟರ್ ಕೂರಿಸಿ ಬರೆದುಕೊಳ್ಳಿ. ಸವೆದ ಎಂಜಿನ್ನಿಗೆ ಹೊಸ ಸ್ಪ್ರಿಂಗ್ ಹಾಕಿ ಓಡಿಸುವುದು ಗೆದ್ದಲು ಹಿಡಿದ ಪಕ್ಕಾಸಿಗೆ ಹೊಸ ಹಂಚು ಹೊದಿಸಿದಂತೆ.

ಹೆಡ್ಡಿನ ಕೆಲಸ

7500 ಆರ್‌ಪಿಎಂನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 62 ಸಲಕ್ಕಿಂತ ಹೆಚ್ಚು ತೆರೆದು ಮುಚ್ಚುತ್ತದೆ. ತೆರೆಯುವುದು ಕ್ಯಾಮ್, ಮುಚ್ಚುವುದು ಸ್ಪ್ರಿಂಗ್. ವೇಗ ಏರಿದಂತೆ ಸ್ಪ್ರಿಂಗಿಗೆ ವಾಲ್ವನ್ನು ಕ್ಯಾಮಿನ ಬೆನ್ನಿಗೆ ಒತ್ತಿ ಹಿಡಿಯಲು ಆಗದೆ ವಾಲ್ವ್ ಒಂದು ಕ್ಷಣ ತೇಲುತ್ತದೆ. ಗ್ಯಾರೇಜಿನಲ್ಲಿ ಇದನ್ನೇ ವಾಲ್ವ್ ಫ್ಲೋಟ್ ಎನ್ನುವುದು. ಆಗ ಶಕ್ತಿ ಕುಸಿಯುತ್ತದೆ, ಸದ್ದು ಒಡೆದಂತಾಗುತ್ತದೆ, ಅಂತರ ಸಾಲದಿದ್ದರೆ ಮೇಲೆ ಬರುತ್ತಿರುವ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್ನಿನಲ್ಲಿ ತೇಲಿದ ಕ್ಷಣದ ಸಂದನ್ನು ಎಣ್ಣೆ ತುಂಬಿಕೊಂಡು ವಾಲ್ವ್ ಪೂರ್ತಿ ಮುಚ್ಚದಂತೆ ಹಿಡಿದುಬಿಡುವ ಇನ್ನೊಂದು ಪೀಡೆಯೂ ಇದೆ.

ಪರಿಹಾರ ಎರಡು ದಾರಿಯಲ್ಲಿದೆ: ಸ್ಪ್ರಿಂಗನ್ನು ಗಟ್ಟಿಗೊಳಿಸುವುದು, ಅದು ಹೊರುವ ತೂಕವನ್ನು ಇಳಿಸುವುದು. ಹಗುರವಾದ ರಿಟೇನರ್ (ಸ್ಪ್ರಿಂಗನ್ನು ವಾಲ್ವಿಗೆ ಹಿಡಿದಿಡುವ ಬಿಲ್ಲೆ) ಸಿಕ್ಕರೆ ಎರಡನೆಯ ದಾರಿಯೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ವಿಪರೀತ ಗಟ್ಟಿಯಾದ ಸ್ಪ್ರಿಂಗ್ ಕ್ಯಾಮಿನ ಮೂಗನ್ನೂ, ಅದರ ಒತ್ತನ್ನು ವಾಲ್ವಿಗೆ ದಾಟಿಸುವ ರಾಕರನ್ನೂ ಸವೆಸುತ್ತದೆ, ಟೈಮಿಂಗ್ ಬೆಲ್ಟಿಗೂ ಭಾರ. ಕ್ಯಾಮ್ ತಯಾರಕರು ಆ ಕ್ಯಾಮಿಗೆಂದೇ ಹೇಳಿದ ಸ್ಪ್ರಿಂಗನ್ನು ಕೊಂಡು, ಅವರು ಹೇಳಿದ ಎತ್ತರಕ್ಕೆ ಶಿಮ್ (ತೆಳು ಬಿಲ್ಲೆ) ಕೊಟ್ಟು ಕೂರಿಸಬೇಕು. ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗದೆ ಒಟ್ಟು ಕನಿಷ್ಠ 1 ಮಿ.ಮೀ. ಉಳಿಯಬೇಕು, ರಿಟೇನರಿನ ತಳ ವಾಲ್ವ್ ಸೀಲಿಗೆ ತಾಗಬಾರದು. ಈ ಎರಡನ್ನೂ ಹದಿನಾರೂ ವಾಲ್ವುಗಳಲ್ಲಿ ಅಳೆಯಬೇಕು, ಒಂದರಲ್ಲಿ ಅಳೆದು ಉಳಿದವೂ ಹಾಗೆಯೇ ಎಂದುಕೊಳ್ಳಬಾರದು.

ನಮ್ಮ ಕರಾವಳಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಸೇರಿಸಬೇಕು, ತಪ್ಪು ನನ್ನದೇ. ಬೇಸಿಗೆಯಲ್ಲಿ ಕೊಂಡ ಒಂದು ಸೆಟ್ ಸ್ಪ್ರಿಂಗನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದೆ. ಮಳೆಗಾಲದ ಆಟಿ ತಿಂಗಳು ಕಳೆದು ತೆಗೆದಾಗ ಅಲ್ಲಲ್ಲಿ ಕಂದು ಪುಡಿ ಕಟ್ಟಿತ್ತು. ಎಮರಿ ಕಾಗದದಿಂದ ಉಜ್ಜಿ ಹೊಳಪು ಬರಿಸಿ ಜೋಡಿಸಿದೆ. ಮೈದಾನದಲ್ಲಿ ಮೂರನೆಯ ಓಟದಲ್ಲಿ, ಮೀಟರು 6800 ದಾಟುವಾಗ, ಟಿಣ್ಣೆಂಬ ಸದ್ದಾಗಿ ಒಂದು ಸಿಲಿಂಡರ್ ಸತ್ತಿತು. ಹೆಡ್ ಇಳಿಸಿ ನೋಡಿದರೆ ಸ್ಪ್ರಿಂಗ್ ಎರಡು ತುಂಡಾಗಿ ಒಂದರೊಳಗೊಂದು ತಿರುಚಿ ಕೂತಿತ್ತು, ಪಿಸ್ಟನ್ನಿನ ನೆತ್ತಿಯ ಮೇಲೆ ವಾಲ್ವಿನ ಅಂಚು ತಾಗಿ ಬಿದಿಗೆಯ ಚಂದ್ರನಂಥ ಗೀರು ಬಿದ್ದಿತ್ತು. ಸ್ಪ್ರಿಂಗ್ ಮುರಿದ ಮುಖವನ್ನು ಬಿಸಿಲಿಗೆ ಹಿಡಿದಾಗ ಅಂಚಿನಲ್ಲಿ ಸಾಸಿವೆ ಕಾಳಿಗಿಂತಲೂ ಚಿಕ್ಕದಾದ ಒಂದು ಕಂದು ಚುಕ್ಕೆ, ಅಲ್ಲಿಂದ ಬೀಸಣಿಗೆಯಂತೆ ಹರಡಿದ ಗೆರೆಗಳು. ತುಕ್ಕು ಕೊರೆದ ಆ ಸಣ್ಣ ಗುಳಿಯಲ್ಲೇ ಬಿರುಕು ಹುಟ್ಟಿತ್ತು. ಎಮರಿ ತೆಗೆದದ್ದು ಬಣ್ಣವನ್ನು, ಗುಳಿಯನ್ನಲ್ಲ. ಪಕ್ಕದಲ್ಲಿದ್ದ ಹಿರಿಯ ಮೆಕ್ಯಾನಿಕ್ ಅದನ್ನು ಕೈಗೆ ತೆಗೆದುಕೊಂಡು, "ಅಲ್ಲ ಮಾರಾಯ್ರೆ, ಎಮರಿ ಹಾಕಿದ್ದು ಚಂದಕ್ಕಾ, ಗಟ್ಟಿಗಾ?" ಎಂದು ಕೇಳಿದರು. ಉಪ್ಪುಗಾಳಿಯ ಈ ಊರಿನಲ್ಲಿ ಸ್ಪ್ರಿಂಗ್, ಬೇರಿಂಗ್, ಬೋಲ್ಟುಗಳನ್ನು ಎಣ್ಣೆ ಸವರಿ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಡಿ. ಒಂದು ಚುಕ್ಕೆ ತುಕ್ಕು ಕಂಡ ಸ್ಪ್ರಿಂಗ್ ಗುಜರಿಗೆ ಹೋಗಬೇಕು.

ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಹಾಕಿದಾಗ ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರವನ್ನು ಹೊಸದಾಗಿ ಅಳೆಯಲೇಬೇಕು. ಮಕ್ಕಳ ಆಟದ ಜೇಡಿಯನ್ನು ಪಿಸ್ಟನ್ನಿನ ವಾಲ್ವ್ ಗುಳಿಗಳಲ್ಲಿ ಒತ್ತಿ, ಮೇಲೆ ತುಸು ಎಣ್ಣೆ ಸವರಿ, ಹಳೆಯ ಗ್ಯಾಸ್ಕೆಟ್ಟಿನೊಂದಿಗೆ ಹೆಡ್ ಕೂರಿಸಿ, ಬೆಲ್ಟ್ ಜೋಡಿಸಿ, ಕೈಯಿಂದಲೇ ಕ್ರ್ಯಾಂಕನ್ನು ಎರಡು ಪೂರ್ಣ ಸುತ್ತು ತಿರುಗಿಸಿ. ಎಲ್ಲಾದರೂ ತಡೆದರೆ ಬಲ ಹಾಕದೆ ನಿಲ್ಲಿಸಿ. ಹೆಡ್ ಎತ್ತಿ ಜೇಡಿಯನ್ನು ಬ್ಲೇಡಿನಿಂದ ಸೀಳಿ ಅತಿ ತೆಳುವಾದ ಜಾಗದ ದಪ್ಪವನ್ನು ಅಳೆಯಿರಿ. ಇನ್‌ಟೇಕಿಗೆ 2 ಮಿ.ಮೀ., ಎಕ್ಸಾಸ್ಟಿಗೆ 2.5 ಮಿ.ಮೀ. ಇರುವುದು ವಾಡಿಕೆಯ ಕನಿಷ್ಠ. ಎಕ್ಸಾಸ್ಟ್ ವಾಲ್ವ್ ಕಾದು ಉದ್ದವಾಗುತ್ತದೆ, ಜೊತೆಗೆ ಅದು ಮುಚ್ಚುತ್ತಿರುವಾಗಲೇ ಪಿಸ್ಟನ್ ಬೆನ್ನಟ್ಟಿ ಬರುತ್ತದೆ, ಆದ್ದರಿಂದ ಅದಕ್ಕೆ ಜಾಗ ಹೆಚ್ಚು ಬೇಕು. ಟೈಮಿಂಗ್ ಬೆಲ್ಟ್, ಟೆನ್ಷನರ್ ಎರಡನ್ನೂ ಈ ಹಂತದಲ್ಲಿ ಹೊಸದು ಮಾಡಿ, ಹಳೆಯದು ಚೆನ್ನಾಗಿ ಕಂಡರೂ.

ಕೆಳಗಿನ ಅರ್ಧ

ಹಣ ಕಡಿಮೆಯಿದ್ದು ಬ್ಲಾಕಿನೊಳಗೆ ಒಂದನ್ನೇ ಬದಲಿಸಬಹುದಾದರೆ ರಾಡ್ ಬೋಲ್ಟುಗಳನ್ನು ಬದಲಿಸಿ. ಕೋನ ತಿರುಗಿಸಿ ಬಿಗಿಯುವ, ಅಂದರೆ ಬಿಗಿದಾಗ ಶಾಶ್ವತವಾಗಿ ಹಿಗ್ಗುವ ಜಾತಿಯ ಬೋಲ್ಟನ್ನು ಎರಡನೆಯ ಸಲ ಬಳಸಲೇಬಾರದು. ಒಳ್ಳೆಯ ಬೋಲ್ಟ್ ತಯಾರಕರು ಎಷ್ಟು ಹಿಗ್ಗಬೇಕೆಂಬ ಅಳತೆಯನ್ನು ಕೊಡುತ್ತಾರೆ. ಟಾರ್ಕ್ ರೆಂಚಿನ ಓದು ಎಣ್ಣೆಯ ಜಾರಿಕೆಗೆ ತಕ್ಕಂತೆ ಬದಲಾಗುವುದರಿಂದ, ಬಿಗಿಯುವ ಮೊದಲು ಮತ್ತು ನಂತರ ಬೋಲ್ಟಿನ ಉದ್ದವನ್ನೇ ಅಳೆಯುವುದು ಹೆಚ್ಚು ನಂಬಿಕೆಯ ದಾರಿ. ಹೊಸ ಬೋಲ್ಟ್ ಹಾಕಿದಾಗ ರಾಡಿನ ದೊಡ್ಡ ಕಣ್ಣಿನ ದುಂಡುತನ ಬದಲಾಗಿರಬಹುದು, ಮಷೀನ್ ಶಾಪಿನಲ್ಲಿ ಪರೀಕ್ಷಿಸಿ. ಬೈಕಂಪಾಡಿ ಕಡೆ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ. ಆದರೆ ಕೆಲಸ ಕೊಡುವಾಗ ಅಳತೆಯನ್ನು ಬಾಯಿಮಾತಿನಲ್ಲಿ ಹೇಳದೆ ಕಾಗದದಲ್ಲಿ ಬರೆದು ಕೊಡಿ.

ಬೇರಿಂಗಿನ ಸಂದು ಜರ್ನಲಿನ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಪ್ರತಿ ಮಿಲಿಮೀಟರ್ ವ್ಯಾಸಕ್ಕೆ ಸುಮಾರು ಒಂದು ಮೈಕ್ರಾನ್ ಇರಬೇಕೆಂಬುದು ಹಳೆಯ ರೂಢಿ, 44 ಮಿ.ಮೀ. ಜರ್ನಲಿಗೆ 0.044 ಮಿ.ಮೀ. ಎಂದಾಯಿತು. ಕಂಪನಿಯ ಕೈಪಿಡಿ ಕೊಟ್ಟ ಮಿತಿಯೊಳಗೆ ದೊಡ್ಡ ಕಡೆಗೆ ವಾಲಿದರೆ ಹೆಚ್ಚಿನ ವೇಗಕ್ಕೆ ಒಳ್ಳೆಯದು. ನಾಲ್ಕು ಪಿಸ್ಟನ್ನುಗಳನ್ನು ಒಂದು ಗ್ರಾಂ ಒಳಗೆ ಸರಿದೂಗಿಸಿ. ರಾಡುಗಳನ್ನು ಒಟ್ಟು ತೂಕದಲ್ಲಿ ಮಾತ್ರವಲ್ಲ, ಎರಡೂ ತುದಿಗಳ ತೂಕದಲ್ಲಿ ಬೇರೆ ಬೇರೆಯಾಗಿ ಸರಿದೂಗಿಸಿ. ಆಮೇಲೆ ಕ್ರ್ಯಾಂಕನ್ನು ಮುಂದಿನ ಪುಲ್ಲಿ, ಫ್ಲೈವೀಲ್, ಕ್ಲಚ್ ಕವರ್ ಸಮೇತ ಬ್ಯಾಲೆನ್ಸ್ ಮಾಡಿಸಿ. ಮುಂದಿನ ಪುಲ್ಲಿಯ ರಬ್ಬರು ಗಟ್ಟಿಯಾಗಿದ್ದರೆ ಹೊಸದು ಹಾಕಿ. ಅದು ಕ್ರ್ಯಾಂಕಿನ ತಿರುಚು ಕಂಪನವನ್ನು ಹೀರಿಕೊಳ್ಳಲು ಇರುವುದು. ಅದನ್ನು ಕಿತ್ತು ಹಗುರವಾದ ಅಲ್ಯುಮಿನಿಯಂ ಪುಲ್ಲಿ ಹಾಕುವ ಫ್ಯಾಷನ್ನು ನನಗೆ ಸಮ್ಮತವಲ್ಲ.

ಫ್ಲೈವೀಲಿನ ವಿಷಯದಲ್ಲಿ ಮಾತ್ರ ಉಳಿತಾಯ ಬೇಡವೇ ಬೇಡ. 24 ಸೆಂ.ಮೀ. ವ್ಯಾಸದ ಫ್ಲೈವೀಲಿನ ಅಂಚು 7500 ಆರ್‌ಪಿಎಂನಲ್ಲಿ ಗಂಟೆಗೆ 340 ಕಿ.ಮೀ. ಹತ್ತಿರದ ವೇಗದಲ್ಲಿ ಓಡುತ್ತಿರುತ್ತದೆ. ಮೂಲ ಎರಕದ ಕಬ್ಬಿಣದ ಫ್ಲೈವೀಲನ್ನು ಲೇತಿಗೆ ಕೊಟ್ಟು ಕೆತ್ತಿಸಿ ಹಗುರ ಮಾಡಿದರೆ ಅದು ಒಡೆಯಬಹುದು, ಒಡೆದರೆ ಚೂರುಗಳು ಬೆಲ್ ಹೌಸಿಂಗನ್ನು ಸೀಳಿಕೊಂಡು ಚಾಲಕನ ಕಾಲಿನ ಕಡೆಗೇ ಬರುತ್ತವೆ. ಫೋರ್ಜ್ ಮಾಡಿದ ಉಕ್ಕಿನ ಫ್ಲೈವೀಲನ್ನೂ, ಆ ಆರ್‌ಪಿಎಂ ತಡೆಯುತ್ತದೆಂದು ತಯಾರಕರು ಬರೆದುಕೊಟ್ಟ ಕ್ಲಚ್ಚನ್ನೂ ಕೊಳ್ಳಿ. ಇಲ್ಲವೇ ಮೂಲದ್ದನ್ನು ಮುಟ್ಟದೆ ಗುರಿಯನ್ನು ಇಳಿಸಿ.

ಎಣ್ಣೆ

ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ (ಒತ್ತಡದ ಅಳತೆ) ಎಣ್ಣೆಯ ಒತ್ತಡ ಇರಬೇಕೆಂಬುದು ಸ್ಪರ್ಧೆಯ ಎಂಜಿನ್ ಕಟ್ಟುವವರ ಸ್ಥೂಲ ಲೆಕ್ಕ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ನೆಚ್ಚಬೇಡಿ. ಸಾಮಾನ್ಯವಾಗಿ ಒತ್ತಡ 10 ಪಿಎಸ್‌ಐಗಿಂತಲೂ ಕೆಳಗಿಳಿದ ಮೇಲೆ ಹತ್ತುವ ಆ ದೀಪ, 7000 ಆರ್‌ಪಿಎಂನಲ್ಲಿ ಹತ್ತುವಷ್ಟರಲ್ಲಿ ಬೇರಿಂಗಿನ ಕತೆ ಮುಗಿದಿರುತ್ತದೆ. ಅಂಕಿ ತೋರಿಸುವ ಮೀಟರ್ ಹಾಕಿ. ಆಟೋಕ್ರಾಸಿನ ಬಿಗಿ ತಿರುವಿನಲ್ಲಿ ಎಣ್ಣೆಯೆಲ್ಲ ಸಂಪಿನ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ಒಂದು ಬದಿಗೆ ಸರಿದು ಪಂಪು ಗಾಳಿಯನ್ನು ಎಳೆಯುತ್ತದೆ, ಆದ್ದರಿಂದ ಸಂಪಿನೊಳಗೆ ತಡೆತಗಡುಗಳನ್ನು ಬೆಸುಗೆ ಹಾಕಿಸುವುದು ಕಡಿಮೆ ಖರ್ಚಿನಲ್ಲಿ ದೊಡ್ಡ ರಕ್ಷಣೆ. ಹೆಚ್ಚಿರಲಿ ಎಂದು ಗೆರೆ ಮೀರಿ ಎಣ್ಣೆ ತುಂಬಬೇಡಿ. ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ, ನೊರೆ ಬೇರಿಂಗನ್ನು ಹೊರಲಾರದು.

ಗಾಳಿ, ಪೆಟ್ರೋಲು, ಕಿಡಿ

7500ರಲ್ಲಿ ಎರಡು ಸುತ್ತಿಗೆ ಸಿಗುವುದು 16 ಮಿಲಿಸೆಕೆಂಡ್. ಇಂಜೆಕ್ಟರ್ ಅದರಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು, ಅಂದರೆ 13.6 ಮಿಲಿಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿರಬೇಕಾದರೆ ಅದು ಸಾಲದು, ದೊಡ್ಡದು ಬೇಕು. ಈಗ ಬಂಕುಗಳಲ್ಲಿ ಸಿಗುವ ಇ20 (ನೂರಕ್ಕೆ 20 ಎಥನಾಲ್ ಬೆರೆತ) ಪೆಟ್ರೋಲು ಈ ಲೆಕ್ಕವನ್ನು ಇನ್ನಷ್ಟು ಬಿಗಿಗೊಳಿಸಿದೆ: ಶುದ್ಧ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕಾದರೆ ಇ20ಗೆ ಸುಮಾರು 13.5 ಸಾಕು, ಅಂದರೆ ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕು. ಇಸಿಯುವಿನ ಹಳೆಯ ಇಂಧನ ಮ್ಯಾಪಿನಲ್ಲೇ ಓಡಿಸಿದರೆ ಪೂರ್ತಿ ಥ್ರಾಟಲಿನಲ್ಲಿ ಮಿಶ್ರಣ ತೆಳುವಾಗಿ ಪಿಸ್ಟನ್ ಕಾಯುತ್ತದೆ. ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಿ ಪೂರ್ತಿ ಥ್ರಾಟಲಿನಲ್ಲಿ ಲ್ಯಾಂಬ್ಡಾ (ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿಯ ಪಾಲು) 0.86ರಿಂದ 0.90ರ ನಡುವೆ ಇರುವಂತೆ ನೋಡಿಕೊಳ್ಳಿ. ಹಳೆಯ ಕಾರಿನ ರಬ್ಬರ್ ಪೈಪುಗಳನ್ನೂ ಎಥನಾಲ್ ತಡೆಯುವ ಜಾತಿಗೆ ಬದಲಿಸಿ. ಟ್ಯೂನಿಂಗನ್ನು ಮೋಡ ಕವಿದ ತಂಪು ಬೆಳಗಿನಲ್ಲಿ ಮಾಡಿ ಮುಗಿಸಬೇಡಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಬಿಸಿಗಾಳಿಯಲ್ಲಿ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಬಡಿಯುವುದು) ಇಲ್ಲದ ಇಗ್ನಿಷನ್ ಟೈಮಿಂಗೇ ನಿಜವಾದದ್ದು.

ಕೊನೆಗೆ ಲಿಮಿಟರ್

ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲು ಹಳೆಯ 6500ರ ಮಿತಿಯಲ್ಲೇ ಓಡಿಸಿ ಹದಕ್ಕೆ ತನ್ನಿ. ಆಮೇಲೆ ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ 200, 300ರಂತೆ ಏರಿಸುತ್ತಾ ಪ್ರತಿ ಸಲವೂ ಶಕ್ತಿಯ ಗೆರೆ, ಎಣ್ಣೆಯ ಒತ್ತಡ, ಲ್ಯಾಂಬ್ಡಾ ಮೂರನ್ನೂ ನೋಡಿ. ಶಕ್ತಿಯ ಶಿಖರ ದಾಟಿ 400, 500 ಆರ್‌ಪಿಎಂ ಆಚೆಗೆ ಹೋಗುವುದರಲ್ಲಿ ಸಾಮಾನ್ಯವಾಗಿ ಲಾಭವಿಲ್ಲ. ಗುರಿ 7200 ಇಟ್ಟಿದ್ದರೂ ಶಿಖರ 6500ರಲ್ಲೇ ಬಂದರೆ 7000ಕ್ಕೆ ನಿಲ್ಲಿಸುವುದೇ ಜಾಣತನ.

ಲಿಮಿಟರ್ ಕಾಯುವುದು ಎಕ್ಸಲರೇಟರಿನಿಂದ ಬರುವ ಅತಿವೇಗವನ್ನು ಮಾತ್ರ. ನಾಲ್ಕನೆಯ ಗೇರಿನ ಅನುಪಾತ 1.0, ಮೂರನೆಯದು 1.4, ಎರಡನೆಯದು 1.9 ಎಂದಿಟ್ಟುಕೊಳ್ಳಿ. ನಾಲ್ಕರಲ್ಲಿ 5500 ಇರುವಾಗ ಮೂರಕ್ಕೆ ಇಳಿಸಿದರೆ 7700. ಕೈತಪ್ಪಿ ಎರಡಕ್ಕೆ ಬಿದ್ದರೆ 10,450. ಆಗ ಎಂಜಿನ್ನನ್ನು ತಿರುಗಿಸುತ್ತಿರುವುದು ಚಕ್ರಗಳು, ಪೆಟ್ರೋಲು ನಿಲ್ಲಿಸಿದರೂ ಏನೂ ಆಗದು. ಸವೆದ ಗೇರ್ ಲಿಂಕೇಜ್ ಬುಷ್, ಕುಸಿದ ಎಂಜಿನ್ ಮೌಂಟಿಂಗ್ ಇವನ್ನು ಬದಲಿಸುವುದು ಕೂಡ ಆದ್ದರಿಂದ ಈ ಕೆಲಸದ ಭಾಗವೇ. ಮೀಟರಿನ ಗರಿಷ್ಠ ಓದನ್ನು ನೆನಪಿಟ್ಟುಕೊಳ್ಳುವ ಲಾಗರ್ ಇದ್ದರೆ ಪ್ರತಿ ಓಟದ ನಂತರ ನೋಡಿ, ಚಾಲಕ ಏನೇ ಹೇಳಲಿ.

ಮೊದಲ ಓಟದ ದಿನ ಮುಗಿದ ಮೇಲೆ ಎಣ್ಣೆ ಬದಲಿಸಿ, ಫಿಲ್ಟರನ್ನು ಬಿಸಾಡದೆ ಅದರ ಡಬ್ಬವನ್ನು ಕತ್ತರಿಸಿ ತೆರೆಯಿರಿ. ಗರಗಸ ಬೇಡ, ಅದರ ಪುಡಿಯೇ ಒಳಗೆ ಬೀಳುತ್ತದೆ. ತಗಡು ಕತ್ತರಿಸುವ ಕಟರ್ ಬಳಸಿ. ಮಡಿಕೆಯ ಕಾಗದವನ್ನು ಬಿಡಿಸಿ, ಎಣ್ಣೆ ಹಿಂಡಿ, ಬಿಸಿಲಿನಲ್ಲಿ ಹರಡಿ. ಹೊಸ ಎಂಜಿನ್ನಿನಲ್ಲಿ ಬೂದಿಯಂಥ ನುಣ್ಣನೆಯ ಮಿನುಗು ಇರುವುದು ಸಹಜ. ಆಯಸ್ಕಾಂತಕ್ಕೆ ಅಂಟುವ ಚೂರು ಸಿಕ್ಕರೆ ಕ್ಯಾಮನ್ನೂ ರಾಕರನ್ನೂ ನೋಡಿ. ಆಯಸ್ಕಾಂತಕ್ಕೆ ಅಂಟದ, ತಾಮ್ರದ ಛಾಯೆಯ ಹಾಳೆಯಂಥ ಚೂರುಗಳು ಕಂಡರೆ ಬೇರಿಂಗಿನ ಮೇಲ್ಪದರ ಸವೆದು ಒಳಗಿನದು ಹೊರಬಿದ್ದಿದೆ. ಆ ಎಂಜಿನ್ನನ್ನು ಕಾರು ಲಾರಿಗೆ ಹತ್ತಿಸಲಿಕ್ಕೂ ಸ್ಟಾರ್ಟ್ ಮಾಡದೆ, ತಳ್ಳಿ ಒಳಗೆ ತಂದು ಸಂಪ್ ಇಳಿಸಿ.